ಕಳೆದ ಹದಿನಾಲ್ಕು ದಿನಗಳಲ್ಲಿ

ಕಳೆದ ಹದಿನಾಲ್ಕು ದಿನಗಳಲ್ಲಿ
ಎಷ್ಟು ರಾತ್ರಿ ನಿದ್ದೆ ಕೆಟ್ಟಿತು? ಎನ್ನುತ್ತದೆ ನಮೂನೆ.
ಕೇಳುವವಳು ನಾನು, ಫೆರೋ ದ್ವೀಪಗಳ ನರ್ಸು,
ಒದ್ದೆ ಬೂಟು ಬಾಗಿಲಲ್ಲಿ ಬಿಟ್ಟು
ಉಣ್ಣೆಯ ಕಾಲುಚೀಲದಲ್ಲಿ ಅವನ ಅಡುಗೆಮನೆಗೆ ಬಂದವಳು.

ಹಾನುಸ್ ಕಿಟಕಿಯತ್ತ ನೋಡುತ್ತಾನೆ.
ಜನವರಿ. ಮೂರೂವರೆಗೇ ಕತ್ತಲು.
ಎದುರು ಮನೆಯ ಹುಲ್ಲುಮಾಡನ್ನು ಗಾಳಿ
ಬಾಚುತ್ತಿದೆ, ಬಾಚಿದ್ದನ್ನೇ ಬಾಚುತ್ತಿದೆ.
"ಗಾಳಿ ಬೀಸಿದರೆ ನಿದ್ದೆ," ಅನ್ನುತ್ತಾನೆ, "ನಿಂತರೆ ಎಚ್ಚರ."
ಇದಕ್ಕೆ ಯಾವ ಚೌಕದಲ್ಲಿ ಗೆರೆ ಎಳೆಯಲಿ?

ಹಸಿವು?
ಸಂದುಹಲಗೆಯ ಗೂಡಿನಲ್ಲಿ ಗಾಳಿಗೆ ತೂಗಿಬಿಟ್ಟ ಕುರಿತೊಡೆ
ಕ್ರಿಸ್ಮಸ್ಸಿಗೇ ಹದಕ್ಕೆ ಬಂದಿದೆ, ಚಾಕು ಮುಟ್ಟಿಲ್ಲ.
ಎಳೆದೆ. ಅದು ಸುಲಭ.

ಹಾಲು ಕೆಡುತ್ತದೆ, ಎಂಜಿನ್ ಕೆಡುತ್ತದೆ.
ಕೆಟ್ಟ ಹಾಲು ಚೆಲ್ಲುತ್ತೇವೆ, ಕೆಟ್ಟ ಎಂಜಿನ್ ಬಿಚ್ಚುತ್ತೇವೆ.
ಮನಸ್ಸು ಕೆಟ್ಟಾಗ ಮಾತ್ರ
ಕೆಟ್ಟವರ ಹಾಗೆ ತಲೆ ತಗ್ಗಿಸುತ್ತೇವೆ.

"ಕತ್ತಲೆಯಿಂದಲೇ ಇದೆಲ್ಲ," ಎಂದು ಹೆಂಡತಿ ಮರ್ಯುನ್
ಸೂರ್ಯನಂಥ ದೀಪ ತರಿಸಿದ್ದಾಳೆ.
ಅದರ ಮುಂದೆ ದಿನಾ ಬೆಕ್ಕು ಮಲಗುತ್ತದೆ,
ಬೆಕ್ಕಿನ ಮನಸ್ಸು ಬಹಳ ಚೆನ್ನಾಗಿದೆ.
"ಕತ್ತಲೆ ನನಗೆ ಹೊಸದೇ? ಹೊಟ್ಟೆಯೊಳಗಿನ ಕತ್ತಲೆಯಿಂದ
ಡಿಸೆಂಬರಿನ ಕತ್ತಲೆಗೆ ಹುಟ್ಟಿದವನು ನಾನು."

ಇಪ್ಪತ್ತಾರು ವರ್ಷ ಫೆರಿಯಲ್ಲಿ ಟಿಕೆಟ್ ಹರಿದವನು.
ಆಮೇಲೆ ಕಡಲಡಿಯ ಸುರಂಗ ಬಂತು:
ಮುಕ್ಕಾಲು ಗಂಟೆಯ ಅಲೆ ಹೋಗಿ ಹನ್ನೊಂದು ನಿಮಿಷದ ಟಾರು.
ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು.
ಅವನಿಗೆ ಬಂದರಿನ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ,
ಸಂಬಳ ಮೊದಲಿಗಿಂತ ಹೆಚ್ಚು.
"ಪೆಟ್ಟಿಗೆಗೆ ಮುಖವಿಲ್ಲ," ಎಂದ. ಸುಮ್ಮನಾದ.
ಕೆಟಲ್ ಕುದಿಯುವವರೆಗೆ ಸುಮ್ಮನಿದ್ದ.

"ಟಿಕೆಟ್ಟಿಗೆ ಚಾಚಿದ ಕೈ ನೋಡಿದರೆ ಸಾಕಿತ್ತು.
ಆಸ್ಪತ್ರೆಯಿಂದ ಮರಳುವವರು ಚಿಲ್ಲರೆ ಎಣಿಸುತ್ತಿರಲಿಲ್ಲ.
ಬೇಕರಿಯ ಬಿಲ್ಲಾ ಉಂಗುರ ತೆಗೆದದ್ದು
ಮೊದಲು ಕಂಡದ್ದು ನನಗೆ, ಗಂಡನಿಗಲ್ಲ.
ಎಲಿನ್‌ಬೊರ್ಗ್ ಒಂದು ದಿನ ಮೂರು ಸಲ ಹೋಗಿ ಬಂದಳು,
ಎಲ್ಲೂ ಇಳಿಯಲೇ ಇಲ್ಲ. ಕಂಬಿ ಹಿಡಿದು ನಿಂತಿದ್ದಳು.
ನಾನೇನೂ ಕೇಳಲಿಲ್ಲ. ಕಾಫಿ ಕೊಟ್ಟೆ.
ಹಗ್ಗ ಸುತ್ತಬೇಕು, ಒಂದು ಕೈ ಹಚ್ಚು ಅಂದೆ. ಸುತ್ತಿದಳು.
ಕೈ ಕೆಂಪಾಯಿತು ಅಂತ ನನ್ನನ್ನು ಬೈದಳು.
ಬೈದಳಲ್ಲ, ಆಗ ನನಗೆ ಧೈರ್ಯ ಬಂತು.
ನಾಲ್ಕನೆಯ ಸಲ ಇಳಿದಳು. ಈಗವಳಿಗೆ ಅವಳಿ ಮಕ್ಕಳು.

ಈಗ ಅವರವರ ಕಾರು, ಅವರವರ ಗಾಜು.
ಸುರಂಗದ ಬಾಯಲ್ಲಿ ಕ್ಯಾಮೆರಾ
ನಂಬರು ನೋಡಿ ದುಡ್ಡು ಮುರಿದುಕೊಳ್ಳುತ್ತದೆ.
ಮೋರೆ ಯಾರು ನೋಡುತ್ತಾರೆ, ಹೇಳು?"

ಅದು ನನ್ನ ಕೆಲಸ ಎನ್ನಲು ಬಾಯಿ ತೆರೆದೆ.
ನನ್ನ ಕಣ್ಣು ಅಷ್ಟು ಹೊತ್ತೂ ಕಾಗದದ ಮೇಲಿತ್ತು.

ಕೊನೆಯ ಪ್ರಶ್ನೆ ಉಳಿದಿತ್ತು.
ಅದನ್ನು ಪೆನ್ನು ಕೆಳಗಿಟ್ಟು ಕೇಳಬೇಕೆಂದು
ಯಾರೂ ನನಗೆ ಕಲಿಸಿರಲಿಲ್ಲ. ಇಟ್ಟೆ.
ಸಾಯುವ ಯೋಚನೆ ಬರುತ್ತದೆಯೇ, ಹಾನುಸ್?
ನಡುಮನೆಯ ಟಿವಿಯಲ್ಲಿ ಹ್ಯಾಂಡ್‌ಬಾಲ್,
ಗೋಲಿಗೆ ಮರ್ಯುನ್ ಕೂಗಿದಳು.
ಅವನು ಆ ಕೂಗಿನ ಕಡೆ ತಿರುಗಿ,
"ಇಲ್ಲ," ಎಂದ, "ಅಲ್ಲಿಯವರೆಗೆ ಹೋಗಿಲ್ಲ.
ಕೇಳಿದ್ದು ಒಳ್ಳೆಯದಾಯಿತು."

ಒಟ್ಟು ಹದಿಮೂರು. ಮಧ್ಯಮ.
ಗುರುವಾರ ಡಾಕ್ಟರು ಬರುತ್ತಾರೆ, ಮಾತ್ರೆಯೂ ಬೇಕಾದೀತು,
ಅದರಿಂದ ಎದ್ದು ಕೂತವರನ್ನು ಕಂಡಿದ್ದೇನೆ.
ಷರಾ ಬರೆಯಲು ಎರಡು ಬೆರಳಗಲ ಜಾಗ.
ಅಲ್ಲಿ ಬರೆದೆ: ಹಡಗು ನಿಂತಿದೆ.

ಮರಳುವಾಗ ನೆತ್ತಿಯ ಮೇಲೆ ಇಡೀ ಕಡಲು.
ಮುಂದೊಂದು ಕಾರು, ಕೆಂಪು ದೀಪ,
ನನ್ನ ಬೆಳಕಿನಲ್ಲಿ ಯಾರದೋ ಕತ್ತಿನ ಹಿಂಭಾಗ.
ಹನ್ನೊಂದು ನಿಮಿಷ ಅದನ್ನೇ ನೋಡಿದೆ.
ಎಡಕ್ಕೆ ಸ್ವಲ್ಪ ವಾಲಿತ್ತು.