ಎತ್ತರ

ಮನೆಯ ಎತ್ತರ ಎಷ್ಟೆಂದು
ಅಲ್ಲಿಯತನಕ ನಮ್ಮನ್ನು ಯಾರೂ ಕೇಳಿರಲಿಲ್ಲ.
ಟೊಲಿಡೊದ ಮನೆ ಹತ್ತೊಂಬತ್ತು ವರ್ಷ ನಿಂತಲ್ಲೇ ನಿಂತಿತ್ತು,
ಯಾವ ಸೇತುವೆಯಡಿಗೂ ಹಾಯಬೇಕಿರಲಿಲ್ಲ ಅದು.

ಮಾರಿದೆವು.
ಸೋಫಾ, ಹುಲ್ಲು ಕತ್ತರಿಸುವ ಯಂತ್ರ, ಅಜ್ಜಿಯ ಹನ್ನೆರಡು ಗಾಜಿನ ಬಟ್ಟಲು
ಬೆಲೆಚೀಟಿ ಅಂಟಿಸಿಕೊಂಡು ಅಂಗಳದಲ್ಲಿ ಕೂತವು.
ಒಂದು ಬಟ್ಟಲಿಗೆ ಚೌಕಾಸಿ ಮಾಡಿದವಳಿಗೆ
ಹನ್ನೆರಡನ್ನೂ ಸುಮ್ಮನೆ ಕೊಟ್ಟು
ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಡ್ವೇನ್ ಮಾತ್ರ ಅಡುಗೆಮನೆಯ ಬಾಗಿಲ ಪಟ್ಟಿಯನ್ನು
ಮೊಳೆ ಮೊಳೆಯಾಗಿ ಮೀಟಿ ಕಿತ್ತು
ಕಂಬಳಿಯಲ್ಲಿ ಸುತ್ತಿ ಗಾಡಿಯ ಮಂಚದಡಿಗೆ ತೂರಿಸಿದ.
ಅದರ ಮೇಲೆ ಮಕ್ಕಳು ಗೆರೆ ಗೆರೆಯಾಗಿ ಬೆಳೆದಿದ್ದರು:
ಮಾರ್ಗೊ ನೀಲಿ, ಕೊರ್ಬಿನ್ ಕೆಂಪು.
ಇಲ್ಲಿದ್ದ ಮರ ಏನಾಯಿತು, ಕೊಳ್ಳುವವರು ಕೇಳಿದರು.
ಗೆದ್ದಲು, ಅಂದುಬಿಟ್ಟ ನನ್ನ ಗಂಡ.
ದುಡ್ಡು ಕೈಗೆ ಬರಲು ಮೂರು ವಾರ ತಡವಾಯಿತು.

ಹದಿನಾರು ವರ್ಷ ಅವನು ವಿಮಾ ಕಂಪನಿಗಾಗಿ
ಪರರ ಅಪಘಾತಗಳನ್ನು ಅಳೆದವನು:
ಬಂಪರಿನ ತಗ್ಗಿಗೆ ಇಷ್ಟು, ಬಾಗಿಲ ಗೀರಿಗೆ ಇಷ್ಟು.
ಹೊರಟ ದಿನವೇ, ಇಂಡಿಯಾನಾದ ಒಂದು ಪೆಟ್ರೋಲ್ ಬಂಕಿನ ಚಾವಣಿಯಡಿ
ಮೂವತ್ತೊಂದು ಅಡಿ ಉದ್ದದ ನಮ್ಮ ಸಂಸಾರವನ್ನು ನುಗ್ಗಿಸಿದ.
ಫಲಕ ಹೇಳುತ್ತಿತ್ತು: ಹನ್ನೊಂದು ಅಡಿ ಎಂಟಂಗುಲ.
ನಾವು ಹನ್ನೆರಡೂಕಾಲು.

ಮೊದಲ ತುತ್ತಿಗೇ ಕಲ್ಲು.
ನೆತ್ತಿಯ ಮೇಲೆ ಯಾರೋ ತಗಡಿನ ಡಬ್ಬಿ ಕೊಯ್ದ ಸದ್ದು,
ಏಸಿ ಉರುಳಿ ಹಿಂದಕ್ಕೆ ಬಿತ್ತು,
ತೂತಿನಲ್ಲಿ ಅಂಗೈಯಗಲ ಆಕಾಶ.
ಹೊಸ ಕಿಟಕಿ ಅಂದುಕೊಂಡು ಕೊರ್ಬಿನ್ ಚಪ್ಪಾಳೆ ತಟ್ಟಿದ.
ಡ್ವೇನ್ ಇಳಿದು, ಹಳೆಯ ರೂಢಿಯಂತೆ
ಫೋಟೋ ತೆಗೆಯತೊಡಗಿದ, ಎಡದಿಂದೊಂದು, ಬಲದಿಂದೊಂದು.

ಟಾರ್ಪಾಲು ಬಿಗಿದು ಸಾಗಿದೆವು. ಅಯೋವಾದಲ್ಲಿ ಮಳೆ.
ಹಾಸಿಗೆ ನೆನೆಯಿತು, ಸೀರಿಯಲ್ ಡಬ್ಬಗಳು ನೆನೆದವು,
ಮಾರ್ಗೊ ಬರೆದಿಟ್ಟ ಕುದುರೆಗಳೆಲ್ಲ ಒಂದೇ ಬಣ್ಣವಾದವು.
ಅವಳು ಮಾತು ನಿಲ್ಲಿಸಿದಳು.
ಶೌಚದ ಟ್ಯಾಂಕಿನ ಕೊಳವೆ ಡ್ವೇನ್‌ನ ಕೈಜಾರಿದ ಸಂಜೆಯ ಬಗ್ಗೆ
ಏನೂ ಬರೆಯಲಾರೆ.
ಪಕ್ಕದ ಗಾಡಿಯ ಮುದುಕ ತುಟಿ ಬಿಚ್ಚದೆ
ತನ್ನ ರಬ್ಬರ್ ಕೈಗವಸು ತಂದುಕೊಟ್ಟು ಹೋದ, ಅಷ್ಟೇ.

ನೆಬ್ರಾಸ್ಕಾದಲ್ಲಿ, ಕಾರ್ನಿ ಇನ್ನೂ ಎಂಟು ಮೈಲಿ ಇರುವಾಗ
ಹಿಂದಿನ ಟಯರು ಸಿಡಿದು ಆಕ್ಸಲ್ಲನ್ನೂ ಕರೆದುಕೊಂಡು ಹೋಯಿತು.
ಹ್ರೂಸ್ಕಾ ಎಂಬವನ ಗ್ಯಾರೇಜಿನ ಹಿತ್ತಲಲ್ಲಿ,
ಒಂದು ಮಗ್ಗುಲಿಗೆ ಜಾಕು ಕೊಟ್ಟುಕೊಂಡು,
ದೇಶ ತಿರುಗಲು ಹೊರಟವರು
ಹನ್ನೊಂದು ದಿನ ನಿಂತೆವು.

ಯಾಕೆ ಹೊರಟಿರಿ, ಕೇಳಿದ ಹ್ರೂಸ್ಕಾ ನಟ್ಟು ತಿರುವುತ್ತ.
ನಾವಿಬ್ಬರೂ ಒಟ್ಟಿಗೇ ಬಾಯಿ ತೆರೆದು
ಬೇರೆ ಬೇರೆ ಉತ್ತರ ಕೊಟ್ಟೆವು.

ಆ ರಾತ್ರಿ ಜಗಳಕ್ಕೆ ಕೋಣೆಯಿರಲಿಲ್ಲ.
ಮೆಕ್ಕೆಜೋಳದ ಹೊಲಕ್ಕಿಳಿದು, ಸಾಲುಗಳ ನಡುವೆ
ಒಬ್ಬರನ್ನೊಬ್ಬರು ಪಿಸುದನಿಯಲ್ಲಿ ಬೈದೆವು.
ಜೋಳ ನಮಗಿಂತ ಎತ್ತರವಿತ್ತು.
ಬೈಗುಳ ಮುಗಿದ ಮೇಲೆ ಗಾಡಿಯ ದಿಕ್ಕು ಯಾವುದೆಂದು ತಿಳಿಯಲಿಲ್ಲ,
ಕೈ ಹಿಡಿದುಕೊಂಡೇ ಹುಡುಕಬೇಕಾಯಿತು.

ಒಂಬತ್ತನೆಯ ದಿನ ಕೊರ್ಬಿನ್‌ಗೆ ಏಳು ತುಂಬಿತು.
ಮಂಚದಡಿಯಿಂದ ಹಲಗೆ ಎಳೆದೆವು.
ಹೊಡೆಯಲು ಗೋಡೆಯಿಲ್ಲ, ಫ್ರಿಜ್ಜಿಗೆ ಒರಗಿಸಿದೆವು.
ಹುಡುಗ ಉಸಿರು ಬಿಗಿಹಿಡಿದು ನಿಂತ.
ಹೋದ ವರ್ಷದ ಗೆರೆಗಿಂತ ಕಾಲಂಗುಲ ಕೆಳಗೆ!
ಅವನ ಗಲ್ಲ ನಡುಗಿತು: ನಾನು ಸಣ್ಣವನಾಗ್ತಿದ್ದೀನಾ?

"ನೆಲ ವಾರೆ ಇದೆ ಕಣೋ, ಪೆದ್ದ,"
ಅಂದಳು ಮಾರ್ಗೊ, ಆರು ದಿನಗಳ ಮೊದಲ ಮಾತು.
ಹ್ರೂಸ್ಕಾನ ರಸಮಟ್ಟ ಕೇಳಿ ತಂದಳು,
ಒದ್ದೆಯ ಚಿತ್ರಪುಸ್ತಕ ಮಡಚಿ ಅವನ ಹೆಜ್ಜೆಯಡಿ ಕೊಟ್ಟಳು,
ಗುಳ್ಳೆ ನಡುವಿಗೆ ಬರುವತನಕ ಬಿಡಲಿಲ್ಲ.
ಕೆಂಪು ಗೆರೆ: ಮೂರು ಅಡಿ ಹತ್ತಂಗುಲ.

ಅದನ್ನು ನೋಡಿ ಡ್ವೇನ್ ಟೇಪು ಹಿಡಿದು ಮಾಡು ಹತ್ತಿದ.
ಏಸಿ ಕಳೆದುಕೊಂಡು ನಾವೀಗ ಹನ್ನೊಂದು ಅಡಿ ಮೂರಂಗುಲ.
ಆ ಬಂಕಿನಡಿ ಈಗ ಧಾರಾಳವಾಗಿ ಹಾಯಬಹುದಿತ್ತು.
ಚೀಟಿ ಬರೆದು ಸ್ಟೀರಿಂಗಿನ ಮೇಲೆ ಅಂಟಿಸಿದ.
ಅದರ ಕೆಳಗೆ ಕೊರ್ಬಿನ್ ತನ್ನದನ್ನೂ ಬರೆದ, ಹತ್ತನ್ನು ತಿರುವುಮುರುವಾಗಿ.

ಹನ್ನೆರಡನೆಯ ದಿನ ಕಾರ್ನಿ ದಾಟಿ ಮೊದಲ ಸೇತುವೆ ಬಂತು.
ಡ್ವೇನ್ ನಿಧಾನಿಸಿದ. ನಾನು ಕಣ್ಣು ಮುಚ್ಚಿದೆ.
ಹಿಂದಿನ ಸೀಟಿನಿಂದ ಒಂದು ಗಂಟಲು ಕೂಗಿತು:
"ನಾನು ಹಿಡಿಸ್ತೀನಿ!"