ಗಾಳಿಯಿಲ್ಲದ ದಿನ

ಬಿರುಗಾಳಿಗೆ ಹೆದರಿದವನಲ್ಲ ನಾನು, ಡಾಕ್ಟರೇ,
ಮೊದಲು ಅದನ್ನು ಬರೆದುಕೊಳ್ಳಿ.
ಅಲೆ ಮನೆಯೆತ್ತರ ಏಳುವಾಗ
ಸತ್ತ ಸೀಲನ್ನು ಬೆನ್ನಿಗೆ ಕಟ್ಟಿ ಎಳೆದು ತಂದಿದ್ದೇನೆ.
ಹಿಮಬೆಟ್ಟ ಪಕ್ಕದಲ್ಲೇ ಮಗುಚಿಕೊಂಡಾಗಲೂ
ಹುಟ್ಟು ಬಿಡಲಿಲ್ಲ ಈ ಕೈ.

ಅದು ಬಂದದ್ದು ಗಾಳಿಯಿಲ್ಲದ ದಿನ.

ಆಗಸ್ಟ್ ತಿಂಗಳು. ಮಣಿತ್ಸೊಕ್‌ನಿಂದ ದಕ್ಷಿಣಕ್ಕೆ
ಅರ್ಧ ದಿನದ ದೂರ.
ಎದುರಿಗೆ ಒಬ್ಬ ಸೂರ್ಯ, ನೀರೊಳಗೆ ಇನ್ನೊಬ್ಬ.
ಸೀಲ್ ಉಸಿರಿಗೆಂದು ಮೇಲೆ ಬರಲಿ ಅಂತ
ಹುಟ್ಟನ್ನು ಮಡಿಲಿಗೆ ಅಡ್ಡ ಇಟ್ಟು ಕೂತಿದ್ದೆ,
ಎವೆಯಿಕ್ಕದೆ.
ಎಷ್ಟು ಹೊತ್ತು ಅಂದಿರಾ?
ಕಾಯುವವನ ಹತ್ತಿರ ಹೊತ್ತು ಇರುವುದಿಲ್ಲ.

ಮೊದಲು ಹೋದದ್ದು ಗೆರೆ,
ನೀರು ಮುಗಿದು ಆಕಾಶ ಶುರುವಾಗುವ ಗೆರೆ.
ಯಾರೋ ತೋಳಿನಿಂದ ಒರೆಸಿದ ಹಾಗೆ.
ಆಮೇಲೆ ಕಯಾಕಿನ ಮೂತಿ ಉದ್ದವಾಯಿತು,
ಇನ್ನೂ ಉದ್ದ,
ಅದರ ತುದಿ ಮುಂದಿನ ವರ್ಷದಲ್ಲಿತ್ತು.
ಆಮೇಲೆ ನೀರು.
ತೊಡೆಗೆ ಬಂತು, ಸೊಂಟಕ್ಕೆ ಬಂತು,
ಕತ್ತಿಯ ಹಾಗೆ ತಣ್ಣಗೆ.

ಬಂದಿರಲಿಲ್ಲ. ಆಮೇಲೆ ಮುಟ್ಟಿ ನೋಡಿದ್ದೇನೆ.
ಬಿಬಿಯಾನೆ ಹೊಲಿದ ಚರ್ಮ
ಒಂದು ಹನಿಯನ್ನೂ ಒಳಗೆ ಬಿಟ್ಟಿರಲಿಲ್ಲ.
ಆದರೂ ಬಂತು.
ಎರಡೂ ನಿಜ, ಎರಡನ್ನೂ ಬರೆಯಿರಿ.

ಎತ್ತು, ಅಂದೆ ಕೈಗೆ.
ಪಕ್ಕದ ಮನೆಯವನ ಹೆಸರು ಕೂಗಿದಂತೆ
ಸುಮ್ಮನೆ ಕೇಳಿಸಿಕೊಂಡಿತು.
ಬಲಕ್ಕೆ ವಾಲುತ್ತಿದ್ದೇನೆ ಅನ್ನಿಸಿತು;
ತಡೆಯಲು ಎಡಕ್ಕೆ ವಾಲಿದರೆ ಮಗುಚುತ್ತೇನೆ;
ವಾಲದಿದ್ದರೂ ಮಗುಚುತ್ತೇನೆ.
ಬೆವರು ಕಣ್ಣಿಗಿಳಿಯಿತು,
ಒರೆಸಲು ನನಗೆ ಯಾರೂ ಇರಲಿಲ್ಲ, ನಾನೂ.

ಬಿಡಿಸಿದ್ದು ಗೆರ್ತ್. ದೂರದಿಂದ ಕಂಡು
ಏನೂ ಮಾತಾಡದೆ ಬಂದು
ತನ್ನ ಕಯಾಕನ್ನು ನನ್ನದಕ್ಕೆ ಒತ್ತಿದ.
ಅಷ್ಟೇ. ಮರದ ಚೌಕಟ್ಟು ಕಿರ್ ಅಂದಿತು.
ಆ ಸದ್ದಿನ ದಾರಿ ಹಿಡಿದು
ನನ್ನ ಕೈ ನನಗೆ ವಾಪಸು ಬಂತು.

ಚರ್ಚಿನ ಉಪದೇಶಿ ಕೇಳಿದ, ಯಾವ ಪಾಪ?
ಎಣಿಸಿ ಹೇಳುತ್ತೇನೆ, ಎರಡು ದಿನ ಕೊಡಿ ಅಂದೆ.
ನಿಮಗಿಂತ ಮುಂಚೆ ಬಂದ ಡಾಕ್ಟರು
ಕಾಫಿ ಬಿಡು ಅಂದರು.
ಬಿಟ್ಟೆ. ಮರುಬೇಸಿಗೆ ಅದು ಮತ್ತೆ ಬಂತು,
ಕಾಫಿಯೂ ಇರಲಿಲ್ಲ ಸಮಾಧಾನಕ್ಕೆ.
ಅತ್ತೆ ಮಾತ್ರ ಏನೂ ಕೇಳಲಿಲ್ಲ.
ಒಲೆಯ ಹತ್ತಿರ ಜಾಗ ಮಾಡಿ,
ನನ್ನ ಗಂಡನಿಗೂ ಬರುತ್ತಿತ್ತು ಅಂದಳು,
ಸೂಜಿಗೆ ದಾರ ಪೋಣಿಸುತ್ತಾ.

ಈಗ ಮೀನಿನ ಕಾರ್ಖಾನೆ. ಕಾಡ್ ಮೀನಿನ ತಲೆ ಕಡಿಯುತ್ತೇನೆ,
ಗದ್ದಲ ಒಳ್ಳೆಯದು.
ಗಂಡಸರು ನನ್ನೆದುರು ಸಮುದ್ರದ ಸುದ್ದಿ ತೆಗೆಯುವುದಿಲ್ಲ.
ಅದು ಅವರ ದಯೆ, ಆ ದಯೆಯೇ
ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ.

ಒಂದು ಮಾತು ಯಾರಿಗೂ ಹೇಳಿಲ್ಲ.
(ಅನುವಾದ ಮಾಡುವ ಹುಡುಗಿ, ಇದನ್ನು ಮೆಲ್ಲಗೆ ಹೇಳು.)
ಭಯದ ಒಳಗೆ, ಅದರ ತಳದಲ್ಲಿ,
ಭಯಪಡುವವನೂ ಇಲ್ಲದ ಒಂದು ಜಾಗ ಇತ್ತು.
ಬರೀ ಬೆಳಕು, ಬೆಳಕಿಗೆ ನೋಡುವವರಿಲ್ಲ.
ಅಲ್ಲಿಗೆ ಹೋಗಿ ಬಂದವನು ನಾನು ಅನ್ನಲಾರೆ.
ಯಾರೂ ಹೋಗಿರಲಿಲ್ಲ.
ಆದರೆ ಕೆಲವು ರಾತ್ರಿ, ದೇವರಾಣೆ,
ಮನೆ ನೆನಪಾದಂತೆ ನೆನಪಾಗುತ್ತದೆ.

ಇದಕ್ಕೆ ನಿಮ್ಮ ಪುಸ್ತಕದಲ್ಲಿ
ಹೆಸರಿದ್ದರೆ ಹೇಳಿ.
ನಮ್ಮಲ್ಲಿ ಇರುವುದು ರೂಢಿ ಮಾತ್ರ:
ನೀರು ನಿಂತರೆ ನಾನು ದಡಕ್ಕೆ ಹೋಗಿ
ಕಲ್ಲೆಸೆಯುತ್ತೇನೆ, ಸುಕ್ಕು ಏಳಲಿ ಅಂತ.
ನಾನು ಗೋಡೆ ನೋಡುತ್ತಾ ನಿಂತರೆ
ಬಿಬಿಯಾನೆ ಚಮಚ ಬೀಳಿಸುತ್ತಾಳೆ,
ಅಯ್ಯೋ ಜಾರಿತು ಅನ್ನುತ್ತಾಳೆ.
ಇಪ್ಪತ್ತು ವರ್ಷದಿಂದ ಜಾರುತ್ತಿದೆ.

ಡಾಕ್ಟರೇ?
ಪೆನ್ನು ನಿಂತಿತಲ್ಲ.
ಕಿಟಕಿಯ ಹಿಮದ ಬೆಳಕು ನಿಮ್ಮ ಖಾಲಿ ಹಾಳೆಯ ಮೇಲೆ ಬಿದ್ದಿದೆ,
ಅಷ್ಟು ಹೊತ್ತು ಅದನ್ನೇ ನೋಡಬಾರದು.
ಡಾಕ್ಟರೇ.

ಇರಿ, ಕೂತಿರಿ, ಏನಾಗಿಲ್ಲ.
ಇಗೋ, ಮೇಜನ್ನು
ಬೆರಳಗಂಟಿನಿಂದ ಬಡಿಯುತ್ತೇನೆ.