ಬಾಗಿಲಲ್ಲಿ ಕೂತವನು

ಚಿಂತಾಮಣಿಯಾಚೆ ಹುಣಸೆಹಣ್ಣಿನ ಶೀತಲಗೃಹ,
ಇನ್ನೂ ಹಣ್ಣು ಕಂಡಿಲ್ಲ.
ಒಳಗೆ ಬಿಳಿ ಮುಸುಕಿನವರಿಬ್ಬರು, ಬೆನ್ನಿಗೆ ಗಾಳಿಯ ಕೊಳವೆ,
ಗೋಡೆಗೆ ಫೋಮ್ ಹೊಡೆಯುತ್ತಿದ್ದಾರೆ.
ಎರಡು ಪೀಪಾಯಿಯ ಎರಡು ರಸ
ಗನ್ನಿನ ಮೂತಿಯಲ್ಲಿ ಕೂಡಿದ್ದೇ ತಡ
ಉಬ್ಬುತ್ತದೆ, ಹುದುಗೆದ್ದ ಇಡ್ಲಿ ಹಿಟ್ಟಿನ ಹಾಗೆ.

ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬಾಬಾಜಾನ್.
ಒಳಗೆ ಹೋಗುವಂತಿಲ್ಲ ಅವನು.
ಏಳು ವರ್ಷ ಬರೀ ಕರ್ಚೀಫು ಕಟ್ಟಿ ಹೊಡೆದದ್ದು
ಅವನು ಮರೆತ, ಎದೆ ಮರೆಯಲಿಲ್ಲ.
ಈಗ ಆ ಗಾಳಿಯ ಒಂದೆಳೆ ಸಾಕು,
ಉಸಿರಿಗೆ ಶಟರ್ ಬೀಳುತ್ತದೆ.

"ಒಂದೇ ಸಲ ದಪ್ಪ ಹೊಡೀಬ್ಯಾಡ್ರೋ,
ಒಳಗೊಳಗೇ ಬೇಯ್ತದೆ!" ಕೂತಲ್ಲಿಂದಲೇ ಕೂಗುತ್ತಾನೆ.
ಕಿವಿಗೆ ಬೀಡಿ ಸಿಕ್ಕಿಸಿಕೊಂಡು ಬಂದ ವೆಲ್ಡರನ್ನು
ರಸ್ತೆಯಾಚೆಗೆ ಅಟ್ಟುತ್ತಾನೆ.

ಸಂಜೆ, ಗನ್ನು ನಿಂತ ಮೇಲೆ,
ಕಸ ಗುಡಿಸುವ ಮುನಿವೆಂಕಟಮ್ಮ ಬಂದಳು:
"ಬುತ್ತಿ ಡಬ್ಬಿ ಒಳಗೈತೆ. ಒಂದೇ ಓಟ, ತಗೊಂಡ್ ಬತ್ತೀನಿ."
"ನಾಳೆ ಇಷ್ಟೊತ್ತಿಗೆ."
"ವಾಸನೇನೇ ಇಲ್ವಲ್ಲೋ!"
"ಅದಕ್ಕೇ."

ಬೈದುಕೊಂಡು ಹೋದಳು.
ಅವನು ಸ್ಟೂಲನ್ನು ಗಾಳಿ ಬರುವ ಕಡೆಗೆ ಎಳೆದುಕೊಂಡ.
ಜೇಬಿನ ಪಂಪನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿದ:
ಇನ್ನು ನಾಲ್ಕು ಸಲಕ್ಕೆ
ಇದ್ದೀತು.